ಹಿಲ್ಮೋನ ಗೋಡೆಯ ತೂತು

ಯುದ್ಧದ ನಾಲ್ಕು ವರ್ಷ ಸುತ್ತಲಿನ ಬೆಟ್ಟಗಳಿಂದ ಸರಾಯೆವೋದ ಮೇಲೆ ಶೆಲ್ಲುಗಳು ಬಿದ್ದಾಗಲೂ ಹಿಲ್ಮೋನ ಅಡುಗೆಮನೆಯ ಗೋಡೆಗೆ ಒಂದು ಗೀರು ಬಿದ್ದಿರಲಿಲ್ಲ. ಅದರಲ್ಲಿ ಕುಂಬಳಕಾಯಿ ಗಾತ್ರದ ತೂತು ಬಿದ್ದದ್ದು ಶಾಂತಿ ಬಂದು ಇಪ್ಪತ್ತು ವರ್ಷವಾದ ಮೇಲೆ, ನವೆಂಬರಿನ ಒಂದು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ. ಬೀಳಿಸಿದವನು ಸ್ವತಃ ಹಿಲ್ಮೋ.

ಕಾರಣ ಒಂದು ಸೌದೆ ಒಲೆ. ಹೆಂಡತಿ ಶೆಮ್ಸಾಳ ತಮ್ಮ ಹಳ್ಳಿಯಿಂದ ಕಳಿಸಿದ್ದು. ಒಲೆಗೆ ಹೊಗೆಕೊಳವೆ ಬೇಕು, ಕೊಳವೆ ಹೊರಹೋಗಲು ದಾರಿ ಬೇಕು. ಯುದ್ಧದಲ್ಲಿ ಊರಿಗೆ ಊರೇ ಕಿಟಕಿಯಿಂದ ಕೊಳವೆ ಹಾಯಿಸಿತ್ತು. ಶೆಮ್ಸಾ ಮಾತ್ರ, "ಆ ದರಿದ್ರ ಕಾಲ ಮತ್ತೆ ನನ್ನ ಕಿಟಕೀಲಿ ಇಣುಕಬಾರದು. ಗೋಡೆ ಕೊರಿ. ಸಂಜೆ ಹೊತ್ತಿಗೆ ಬೆಂಕಿ ಉರೀಬೇಕು" ಎಂದುಬಿಟ್ಟಳು.

ಹಿಲ್ಮೋ ನಿವೃತ್ತ ಟ್ರಾಮ್ ಚಾಲಕ. ಮೂವತ್ತು ವರ್ಷ ಹಳಿ ಕರೆದಲ್ಲಿಗೆ ಹೋದವನು. ಬಾಡಿಗೆಗೆ ತಂದ ಡ್ರಿಲ್ಲಿಗೆ ಹಳಿ ಇರಲಿಲ್ಲ. ಅದು ಹುಚ್ಚು ಹೋರಿಯಂತೆ ಅವನನ್ನೇ ಎಳೆದಾಡಿತು. ನಾಲ್ಕು ಇಟ್ಟಿಗೆಗಳು ಒಟ್ಟಿಗೆ ಹೊರಕ್ಕೆ ಜಾರಿ, ಕೆಳಮನೆಯ ಮೆವ್ಲಿದಾ ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಯ ಮೇಲೆ ಧೊಪ್ಪೆಂದು ಬಿದ್ದವು.

"ಶೆಲ್ಲುಗಳ ಕೈಲಿ ಆಗ್ದೆ ಇದ್ದದ್ದು ನಿನ್ನ ಕೈಲಾಯ್ತು ನೋಡು" ಎಂದಳು ಶೆಮ್ಸಾ.

ಹಿಲ್ಮೋ ಕೆಳಗೆ ಓಡಿ ಬರುವಷ್ಟರಲ್ಲಿ ಮೆವ್ಲಿದಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಪಕ್ಕದಲ್ಲಿ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ ಟಿಹೋಮಿರ್. ವಸಂತದಲ್ಲಷ್ಟೇ ಮನೆಮನೆಗೆ ಅಲೆದು, ಕಟ್ಟಡಕ್ಕೆ ಹಳದಿ ಬಣ್ಣ ಬಳಿಸಿದ್ದ ಮನುಷ್ಯ.

"ಯಾರ ಅಪ್ಪಣೆ ತಗೊಂಡ್ರಿ? ಇವತ್ತೇ ಪರಿಶೀಲನೆಯವರಿಗೆ ದೂರು ಬರೀತೀನಿ! ನಿಮ್ಮನ್ನ ಕೋರ್ಟಿಗೆ…"

ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಜೋರಾಗಿ ಮೂಗು ಸೀಟಿದರು. ತನಗಿಂತ ದೊಡ್ಡ ಚೀಲ ಬೆನ್ನಿಗೆ ಕಟ್ಟಿಕೊಂಡ ಒಬ್ಬ ಹೊಂಬಣ್ಣದ ಗಡ್ಡದ ಯುವಕ ತೂತನ್ನೇ ನೋಡುತ್ತ ನಿಂತಿದ್ದ. ಫಿನ್ಲೆಂಡಿನವನಂತೆ, ಹೆಸರು ಲಾಸ್ಸೆ. ಮೂರು ದಿನದಿಂದ ಊರಿನ ಗುಂಡೇಟಿನ ಗೋಡೆಗಳನ್ನೆಲ್ಲ ಸವರಿ, ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು.

"ಯುದ್ಧದ್ದಾ?" ಎಂದು ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದ.

ಹಿಲ್ಮೋನಿಗೆ ಆ ಭಾಷೆಯಲ್ಲಿ ತಿಳಿಯುತ್ತಿದ್ದದ್ದು ಆ ಒಂದೇ ಪದ. ಗಾಬರಿಯಲ್ಲಿ ಹೌದೆಂದು ತಲೆಯಾಡಿಸಿದ.

ಲಾಸ್ಸೆ ಟೊಪ್ಪಿ ತೆಗೆದು ಎದೆಗೊತ್ತಿಕೊಂಡ. ಕಣ್ಣೀರು ಗಡ್ಡಕ್ಕಿಳಿಯಿತು. ಅಳುತ್ತಿರುವ ಅತಿಥಿಯ ಎದುರು ದೂರಿನ ಮಾತಾಡುವುದಾದರೂ ಹೇಗೆ? ಟಿಹೋಮಿರ್ ಒಮ್ಮೆ ಕೆಮ್ಮಿದ. ಒಂದು ಕಾಲದಲ್ಲಿ ಪ್ರವಾಸಿ ಹೋಟೆಲಿನ ಗುಮಾಸ್ತನಾಗಿದ್ದವನು, ಇಂಗ್ಲಿಷು ಬರುತ್ತಿತ್ತು. "ಹೌದು. ತೊಂಬತ್ತಮೂರನೇ ಇಸವಿ, ಮಾರ್ಚು. ನಾನಿಲ್ಲೇ ನಿಂತಿದ್ದೆ."

"ಮಾರ್ಚಲ್ಲ, ಜುಲೈ!" ಮೆವ್ಲಿದಾ ತಡೆಯಲಾರದೆ ನುಗ್ಗಿದಳು. "ನಾನು ಮೆಣಸಿನಕಾಯಿ ಒಣಹಾಕ್ತಿದ್ದೆ."

"ಆಗ ಮೆಣಸಿನಕಾಯಿ ಎಲ್ಲಿತ್ತೇ ಮಾರಾಯ್ತಿ?"

"ಒಂದಿತ್ತು. ಅದನ್ನೇ ಒಣಹಾಕ್ತಿದ್ದೆ."

ಟಿಹೋಮಿರ್ ಅದನ್ನೂ ಇಂಗ್ಲಿಷಿಗೆ ತಿರುಗಿಸಿದ. ಲಾಸ್ಸೆ ಮತ್ತೊಮ್ಮೆ ಅತ್ತ. ಅಳು ನಿಂತ ಮೇಲೆ ಒಂದು ಸಂಶಯ ಕೇಳಿದ: ಸುತ್ತಲ ಬಣ್ಣ ಇಷ್ಟು ಹೊಸದಾಗಿದೆಯಲ್ಲ?

"ಗೌರವಕ್ಕೆ," ಎಂದ ಟಿಹೋಮಿರ್, ರೆಪ್ಪೆ ಬಡಿಯದೆ. "ಪೇಂಟರಿಗೆ ಹೇಳಿ ತೂತು ಬಿಟ್ಟು ಬಳಿಸಿದ್ವಿ."

ಅತ್ತವನನ್ನು ಹಾಗೇ ಕಳಿಸುವ ರೂಢಿ ಆ ಊರಿನಲ್ಲಿಲ್ಲ. ಎಲ್ಲರೂ ಮೇಲೆ ಬಂದರು. ಶೆಮ್ಸಾ ಕಾಫಿ ಕಾಯಿಸಿದಳು, ಮಾಂಸ ತುಂಬಿ ಬೇಯಿಸಿದ ಬುರೆಕ್ ಕೊಯ್ದು ಬಡಿಸಿದಳು. ಡ್ರಿಲ್ಲನ್ನು ಕಾಲಿನಿಂದ ಮೇಜಿನಡಿ ತಳ್ಳಿದಳು. ಲಾಸ್ಸೆ ಮೂರು ತುಂಡು ತಿಂದು, ಕೈ ಒರೆಸಿಕೊಂಡು, ಶೆಲ್ಲಿಗೆ ಕಂಡ ಬೀದಿಯನ್ನು ತಾನೂ ಕಾಣಬೇಕೆಂದು ತೂತಿಗೆ ತಲೆ ತೂರಿಸಿದ.

ತಲೆ ಹೋಯಿತು. ಬರಲಿಲ್ಲ.

"ಕಿವಿ ಅಡ್ಡ ಬಂದಿದೆ" ಎನ್ನುತ್ತ ಹಿಲ್ಮೋ ಅವನ ಸೊಂಟ ಹಿಡಿದು ಎಳೆದ.

"ಗಾಡಿ ಹಿಂದಕ್ಕೆ ತಗೊಳ್ಳೋ ಹಾಗೆ ಎಳೀಬೇಡ, ಅದು ಮನುಷ್ಯನ ಕುತ್ತಿಗೆ!" ಶೆಮ್ಸಾ ಕಿರುಚಿದಳು.

ಹೊರಗಿನವರಿಗೆ ಕಂಡದ್ದು, ಬೇಟೆಗಾರ ಜಿಂಕೆಯ ತಲೆ ತೂಗುಹಾಕಿದ ಹಾಗೆ, ಹಳದಿ ಗೋಡೆಯಲ್ಲಿ ಒಂದು ಫಿನ್ಲೆಂಡಿನ ತಲೆ. ಟ್ರಾಮು ಗಂಟೆ ಬಾರಿಸುತ್ತ ನಿಂತಿತು. ಜನ ಸೇರಿದರು. ಟಿಹೋಮಿರ್ ಕಿಟಕಿಯಿಂದ ಬಗ್ಗಿ ಮಾರ್ಚಿನ ಕತೆ ಹೇಳಿದ, ಮೆವ್ಲಿದಾ ಪಕ್ಕದ ಕಿಟಕಿಯಿಂದ ಜುಲೈನದು. ಯಾರೋ ಕಟ್ಟಡ ಪರಿಶೀಲನೆಯವರಿಗೆ ಫೋನ್ ಮಾಡಿದರು. ಕೊನೆಗೆ ಶೆಮ್ಸಾ ಒಂದು ಬಾಟಲಿ ಸೂರ್ಯಕಾಂತಿ ಎಣ್ಣೆ ಸುರಿದಳು. ಹಿಲ್ಮೋ, ಟಿಹೋಮಿರ್ ಒಂದೊಂದು ಕಾಲು ಹಿಡಿದು ಎಳೆದರು. ಲಾಸ್ಸೆ ಬಾಟಲಿಯ ಬಿರಡೆಯಂತೆ ಟಪ್ಪೆಂದು ಕಳಚಿಕೊಂಡು ಬಂದು, ಹೊಸ ಒಲೆಯ ಮೇಲೆ ಕೂತ.

ಆಗಲೇ ಬಾಗಿಲಲ್ಲಿ ಕಡತ ಹಿಡಿದ ಹೆಂಗಸು ನಿಂತಿದ್ದಳು. ಕಟ್ಟಡ ಪರಿಶೀಲನೆಯ ಅಧಿಕಾರಿ ಯಾಸೆಂಕಾ.

"ಈ ತೂತು ಮಾಡಿದ್ದು ಯಾರು?"

ಹಿಲ್ಮೋ ಬಾಯಿ ತೆರೆದ. ಅಷ್ಟರಲ್ಲಿ ಟಿಹೋಮಿರ್ ಮುಂದೆ ಬಂದ. ಇಡೀ ಬೀದಿಗೆ ಸಾರಿಯಾಗಿತ್ತು, ಇನ್ನು ಹಿಂದೆ ಸರಿದರೆ ಮುಖ ಎಲ್ಲಿಡುವುದು? "ಶೆಲ್ಲು, ಮೇಡಂ. ತೊಂಬತ್ತಮೂರು. ನಾನು ಸಾಕ್ಷಿ."

"ನಾನೂ ಸಾಕ್ಷಿ," ಎಂದಳು ಮೆವ್ಲಿದಾ. ಸಾಕ್ಷಿ ಹೇಳುವಾಗ ಮಾರ್ಚಿಗೂ ಜುಲೈಗೂ ರಾಜಿಯಾಗಿ ಮೇ ತಿಂಗಳೆಂದು ಬರೆಸಿದರು.

ಹಿಲ್ಮೋ ನಿಟ್ಟುಸಿರು ಬಿಟ್ಟ. ಕೋರ್ಟು ತಪ್ಪಿತು. ನೆರೆಹೊರೆ ಅಂದರೆ ಹೀಗಿರಬೇಕು. ಯಾಸೆಂಕಾಳಿಗೆ ತಾನೇ ಕಾಫಿ ಬಗ್ಗಿಸಿದ.

ಅವಳು ಸಹಿ ಹಾಕಿ ಎದ್ದಳು. "ಹಾಗಾದ್ರೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ. ಯುದ್ಧದ ಗುರುತು. ಆಯೋಗ ಬಂದು ನೋಡೋ ತನಕ ಮುಚ್ಚಬಾರದು, ಕೊಳವೆ ಗಿಳವೆ ತೂರಿಸಬಾರದು."

"ಆಯೋಗ ಯಾವಾಗ ಬರುತ್ತೆ?" ಶೆಮ್ಸಾ ಕೇಳಿದಳು.

"ಸರದೀಲಿ ನಿಮಗಿಂತ ಮುಂದೆ ಆರುನೂರು ತೂತು ಇವೆ."

ಹಿಲ್ಮೋ ಕುರ್ಚಿಯಿಂದ ಹಾರಿದ. "ಸುಳ್ಳು, ಮೇಡಂ! ಶೆಲ್ಲೂ ಇಲ್ಲ ಗಿಲ್ಲೂ ಇಲ್ಲ. ಇವತ್ತು ಬೆಳಿಗ್ಗೆ ನಾನೇ ಕೊರೆದದ್ದು!"

ಟಿಹೋಮಿರ್ ದುಃಖದಿಂದ ತಲೆಯಾಡಿಸಿದ. "ಪಾಪ. ಒಮ್ಮೊಮ್ಮೆ ಹೀಗೆ."

ಯಾಸೆಂಕಾಳ ಮುಖ ಮೃದುವಾಯಿತು. ಹಿಲ್ಮೋನ ಹೆಗಲ ಮೇಲೆ ಕೈಯಿಟ್ಟಳು. "ನನಗೆ ಅರ್ಥವಾಗುತ್ತೆ, ಅಣ್ಣಾ. ಎಷ್ಟೋ ಜನ ಎಲ್ಲಾ ತಪ್ಪು ತಮ್ಮದೇ ಅಂದ್ಕೊಂಡ್ಬಿಡ್ತಾರೆ."

"ಅಯ್ಯೋ, ನಂಬಿ! ಇಗೋ ಡ್ರಿಲ್ಲು!" ಹಿಲ್ಮೋ ಮೇಜಿನಡಿ ನುಗ್ಗಿ ಅದನ್ನೆಳೆದು ತೋರಿಸಿದ.

ಮೃದುವಾಗಿದ್ದ ಮುಖ ಕಲ್ಲಾಯಿತು. "ಓಹೋ. ಗುರುತು ಅಳಿಸಕ್ಕೆ ಡ್ರಿಲ್ಲೂ ತಂದಿಟ್ಟಿದೀರಾ?" ಡ್ರಿಲ್ಲನ್ನು ವಶಕ್ಕೆ ತೆಗೆದುಕೊಂಡು ಹೋದಳು. ಲಾಸ್ಸೆ ಎಣ್ಣೆ ತೊಟ್ಟಿಕ್ಕುವ ಗಡ್ಡದಲ್ಲೇ ಹಿಲ್ಮೋನನ್ನು ತಬ್ಬಿ, ಅವಳ ಹಿಂದೆಯೇ ಹೊರಟ.

ಕತ್ತಲಾಗುವ ಹೊತ್ತಿಗೆ ಬೆಟ್ಟದ ಗಾಳಿ ತೂತಿನಿಂದ ಶಿಳ್ಳೆ ಹಾಕುತ್ತ ಒಳಬಂತು. ಶೆಮ್ಸಾ ಇದ್ದಬದ್ದ ಹೊದಿಕೆಯನ್ನೆಲ್ಲ ಎತ್ತಿಕೊಂಡು ಮಲಗುವ ಕೋಣೆ ಸೇರಿ ಚಿಲಕ ಹಾಕಿದಳು. ಹಿಲ್ಮೋ ತಣ್ಣನೆಯ ಒಲೆಯ ಪಕ್ಕ ಕೋಟು ತೊಟ್ಟು ಕೂತ. ಕೆಳಗೆ ಏನೋ ಸದ್ದಾಗಿ ತೂತಿನಿಂದ ಇಣುಕಿದ.

ಗುರುತಿಲ್ಲದ ಒಬ್ಬ ಮುದುಕಿ ಗೋಡೆಯ ಬುಡದಲ್ಲಿ ಹೂವಿಡುತ್ತಿದ್ದಳು. ತೂತಿನಲ್ಲಿ ಮುಖ ಕಂಡು ಕಣ್ಣೊರೆಸಿಕೊಂಡಳು. "ಧೈರ್ಯವಾಗಿರಪ್ಪಾ, ಮಗನೇ! ನಾವೆಲ್ಲ ನಿನ್ನ ಜೊತೆಗಿದೀವಿ."

"ಇದೀನಮ್ಮಾ," ಎಂದ ಹಿಲ್ಮೋ, ಹಲ್ಲು ಕಟಕಟಿಸುತ್ತ. "ಒಂದು ಕಂಬಳಿ ಇದ್ರೆ ಮೇಲಕ್ಕೆ ಎಸೀರಿ."