ನಲವತ್ತೆರಡು ವರ್ಷದ ನಪಾಸು

ಆ ಟೊಪ್ಪಿಗೆಯೊಂದನ್ನು ಹಾಕಿಕೊಳ್ಳದೆ ಹೋಗಿದ್ದರೆ ಹೊಳಬಸಪ್ಪ ಅವತ್ತು ಮೂರು ತಾಸು ಕೂತು ಗಣಿತದ ಪೇಪರು ಬರೆದು ಮುಗಿಸುತ್ತಿದ್ದ. ಆದರೆ ಅದು ಹೆಂಡತಿ ದುರಗವ್ವ ತನ್ನ ಕೈಯಾರೆ ತೊಳೆದು, ಇಸ್ತ್ರಿ ಮಾಡಿಸಿ, ಹಿಂದಿನ ದಿನವೇ ಗೂಟಕ್ಕೆ ಸಿಗಿಸಿದ್ದ ಟೊಪ್ಪಿಗೆ. ಅವಳು ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ಮೂವತ್ತೈದು ವರ್ಷದ ಸಂಸಾರದಲ್ಲಿ ಅವನಿಗೆ ಒಮ್ಮೆಯೂ ಬಂದಿರಲಿಲ್ಲ.

ಹೊಳಬಸಪ್ಪ ಅಣ್ಣಿಗೇರಿಯ ಬದಿಯ ಒಂದು ಊರಿನ ಹೈಸ್ಕೂಲಿನಲ್ಲಿ ಸಿಪಾಯಿ. ತಾನು ಓದಿದ್ದೂ ಅಲ್ಲಿಯೇ. ಹತ್ತನೆಯ ಇಯತ್ತೆಯಲ್ಲಿ ಗಣಿತವೊಂದು ಬಿಟ್ಟು ಎಲ್ಲದರಲ್ಲೂ ಪಾಸಾದ. ಅಕ್ಟೋಬರಿನಲ್ಲಿ ಮತ್ತೆ ಗಣಿತ ಕಟ್ಟಿದ, ಮತ್ತೆ ನಪಾಸಾದ. ಐದಾರು ವರ್ಷ ಹೊಲದ ಕೆಲಸ ಮಾಡಿ, ಕಡೆಗೆ ತನ್ನನ್ನು ನಪಾಸು ಮಾಡಿದ ಸಾಲೆಯಲ್ಲಿಯೇ ಗಂಟೆ ಬಾರಿಸಲು ಸೇರಿಕೊಂಡ. ಅವನ ಗಂಟೆಗೆ ಎದ್ದು ಕೂತ ಮಕ್ಕಳು ಪೊಲೀಸರಾದರು, ನರ್ಸುಗಳಾದರು, ಒಬ್ಬಳಂತೂ ತಹಶೀಲ್ದಾರಳಾಗಿ ಬಂದು ಅವನ ಕೈಯಿಂದಲೇ ಚಹಾ ಕುಡಿದು ಹೋದಳು. ಹೊಳಬಸಪ್ಪ ಮಾತ್ರ ಗಂಟೆಯ ಹತ್ತಿರವೇ ಉಳಿದ.

ಈಗ ನಿವೃತ್ತಿಗೆ ಎರಡು ತಿಂಗಳು. ನಿವೃತ್ತಿಯೆಂದರೆ ಅವನಿಗೆ ಹೆದರಿಕೆ. ಆ ಊರಿನಲ್ಲಿ ನಿವೃತ್ತರಾದವರೆಲ್ಲ ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋಗಿ ಕೂರುವುದು ರೂಢಿ. ಮೊದಲ ವರ್ಷ ಬಸ್ಸಿನಿಂದ ಯಾರು ಇಳಿದರೆಂದು ನೋಡುತ್ತಾರೆ. ಎರಡನೆಯ ವರ್ಷ ಬಸ್ಸನ್ನಷ್ಟೇ ನೋಡುತ್ತಾರೆ. ಮೂರನೆಯ ವರ್ಷ ಬಸ್ಸು ಬಂದರೂ ಕತ್ತೆತ್ತುವುದಿಲ್ಲ. ಆ ಕಟ್ಟೆಯ ಮೇಲೆ ಕೂರುವ ಮುಂಚೆ, ಗಣಿತ ತನ್ನ ತಲೆಗೆ ಹತ್ತುತ್ತದೋ ಇಲ್ಲವೋ ಎಂಬುದೊಂದನ್ನು ತಿಳಿದುಕೊಳ್ಳಬೇಕೆಂದು ಅವನಿಗೆ ಹಟ ಹುಟ್ಟಿತು. ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ತುಂಬಿದ. ಮೂವತ್ತಾರು ವರ್ಷ ಕ್ಲಾಸಿನ ಬಾಗಿಲ ಹೊರಗೆ ನಿಂತು ಕೇಳಿದ್ದೆಲ್ಲ ಒಳಗೆಲ್ಲೋ ಕೂತಿತ್ತೋ ಏನೋ, ಪುಸ್ತಕ ತೆರೆದು ಕೂತರೆ ಲೆಕ್ಕಗಳು ತಾವಾಗಿ ಬಿಚ್ಚಿಕೊಳ್ಳತೊಡಗಿದವು. ಅರವತ್ತರ ಹೊಸ್ತಿಲಲ್ಲಿ ಅವನು ಲೆಕ್ಕದ ಹುಚ್ಚು ಹಿಡಿಸಿಕೊಂಡ. ಪಾಠಗಳೆಲ್ಲ ಬದಲಾಗಿದ್ದರಿಂದ ಎಲ್ಲ ವಿಷಯಗಳನ್ನೂ ಹೊಸದಾಗಿ ಬರೆಯಬೇಕಿತ್ತು; ಕನ್ನಡ, ಸಮಾಜ ಬರೆದಾಗಿತ್ತು. ಅವತ್ತು ಗಣಿತ.

ಮನೆಯಿಂದ ಹೊರಬೀಳುವಷ್ಟರಲ್ಲಿ ಬಾಜೂ ಮನೆಯ ಹಸನಬಿ ಕಟ್ಟೆಯ ಮೇಲಿಂದಲೇ ಕೂಗಿದಳು. "ಹೊಳಬಸಣ್ಣ, ಈ ವಯಸ್ಸಿನ್ಯಾಗ ಓದಿ ಎಲ್ಲೀ ಕಲೆಕ್ಟರ್ ಆಗಾಂವ ಅದೀಯೋ? ಮೊಣಕಾಲಿಗೆ ಎಣ್ಣಿ ಹಚ್ಚಿಕೊಂಡು ಸುಮ್ನ ಬಿಸಲಾಗ ಕುಂದ್ರಬಾರದ?"

"ಬಂದ ಮ್ಯಾಲ ಹಚ್ಚಿಕೊಂತೀನಿ ಬೇ," ಎಂದು ಹೊಳಬಸಪ್ಪ ನಗುತ್ತಲೇ ಮುಂದೆ ಹೋದ. ಅವತ್ತು ಅವನು ನಕ್ಕದ್ದು ಅದೇ ಕೊನೆ.

ಗಿರಣಿಯ ಮುಂದೆ ಬಾಲ್ಯದ ಗೆಳೆಯ ಶಂಕ್ರಪ್ಪ ಕಾದು ನಿಂತಿದ್ದ. ಮೈಯೆಲ್ಲ ಹಿಟ್ಟು, ಕೈಯಲ್ಲಿ ಬೀಡಿಯಷ್ಟು ಸಣ್ಣಗೆ ಸುತ್ತಿದ ಏಳೆಂಟು ಚೀಟಿ.

"ತಗೋಲೇ ಬಸ್ಯಾ. ಇದು ಎಡಗಡಿ ಕಿಸೆಕ್ಕ, ಪ್ರಮೇಯದ್ದು. ಇದು ಬಲಗಡಿ, ಸೂತ್ರದ್ದು. ಇದೊಂದು ಕಾಲಚೀಲದಾಗ ಇಟಗೊ."

"ಬ್ಯಾಡೋ ಮಾರಾಯಾ. ನನಗ ಎಲ್ಲಾ ಬರತೈತಿ."

"ಆವಾಗೂ ಹಿಂಗ ಅಂದಿದ್ದಿ. ಏನಾತು? ಈ ಸಲ ನಾ ಬಿಡಂಗಿಲ್ಲ. ಹತ್ತೂವರಿಗೆ ಹಿಂದಿನ ಕಿಟಕ್ಯಾಗ ಬಂದು ಕೆಮ್ಮತೀನಿ. ಕೈ ಚಾಚು."

"ಕ್ಲಾಸಿನ್ಯಾಗ ಕ್ಯಾಮರಾ ಕುಂದ್ರಿಸ್ಯಾರೋ! ಧಾರವಾಡದಾಗ ಕುಂತು ನೋಡತಾರ!"

"ನೋಡಲಿ ಬಿಡು. ಕೆಮ್ಮಿದ್ರ ಏನು ತಪ್ಪು?"

ಬಿಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಶಂಕ್ರಪ್ಪ ಚೀಟಿಗಳನ್ನು ಅವನ ಕಿಸೆಗೆ ತುರುಕಿಯೇ ಬಿಟ್ಟ. ಮುಂದೆ ಹೋಟೆಲಿನಿಂದ ಒಬ್ಬರು, ಸೊಸೈಟಿಯಿಂದ ಒಬ್ಬರು ಓಡಿ ಬಂದು ಪ್ರೀತಿಯಿಂದ ಮತ್ತಷ್ಟು ತುರುಕಿದರು. ಊರೇ ಒಂದಾಗಿ ಅವನನ್ನು ಪಾಸು ಮಾಡಿಸಲು ಎದ್ದು ನಿಂತಂತಿತ್ತು. ಸಾಲೆಯ ಗೇಟಿನ ಹೊರಗೆ ಹೊಳಬಸಪ್ಪ ಬೇವಿನ ಗಿಡದ ಮರೆಗೆ ನಿಂತು, ಕಿಸೆ, ಕಾಲಚೀಲ ಎಲ್ಲ ಬರಿದು ಮಾಡಿ, ಚೀಟಿಗಳನ್ನು ಚೂರು ಚೂರು ಹರಿದು ಕಸದ ಬುಟ್ಟಿಗೆ ಹಾಕಿದ. ಟೊಪ್ಪಿಗೆಯನ್ನು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ.

ಹದಿನಾರರ ಮಕ್ಕಳಿಗೆಂದು ಮಾಡಿಸಿದ ಬೆಂಚು. ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಸದೆ ಅವನು ಓರೆಯಾಗಿ ಕೂತ. ತಾನು ಬಾರಿಸದ ಗಂಟೆ ಅವನ ಕಿವಿಗೆ ಬಿತ್ತು. ಪ್ರಶ್ನೆಪತ್ರಿಕೆ ಬಿಚ್ಚಿದ. ಕನ್ನಡಕ ಏರಿಸಿ ಮೊದಲನೆಯದು ಓದಿದ, ಬರುತ್ತಿತ್ತು. ಎರಡನೆಯದು ಓದಿದ; ಅದೂ ಬರುತ್ತಿತ್ತು. ಸಮಾಂತರ ಶ್ರೇಢಿ, ಕಂಬದ ಎತ್ತರ, ವೃತ್ತಕ್ಕೆ ಸ್ಪರ್ಶಕ, ಎಲ್ಲವೂ ಗುರುತಿನವರೇ. ಇಷ್ಟು ವರ್ಷ ಹೆದರಿ ದೂರ ನಿಂತಿದ್ದೆನಲ್ಲ, ಇವು ಇಷ್ಟು ಒಳ್ಳೆಯವಿದ್ದವೇ ಎನ್ನಿಸಿ ಕಣ್ಣು ಒದ್ದೆಯಾಯಿತು. ಒಂದೊಂದೇ ಲೆಕ್ಕ ಬಿಡಿಸುತ್ತ ಐದು ಮುಗಿಸಿದ, ಆರನೆಯದನ್ನೂ ಮುಗಿಸಿ ಉತ್ತರದ ಕೆಳಗೆ ಎರಡು ಗೆರೆ ಎಳೆದ.

ಆಗ ಹಿಂದಿನ ಕಿಟಕಿಯಲ್ಲಿ ಯಾರೋ ಕೆಮ್ಮಿದರು.

ಹೊಳಬಸಪ್ಪ ತಿರುಗಲಿಲ್ಲ. ಕೆಮ್ಮು ಜೋರಾಯಿತು. ಕ್ಷಯದ ರೋಗಿಯೂ ಹಾಗೆ ಕೆಮ್ಮುವುದಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ನಕಲು ಹಿಡಿಯುವ ಸ್ಕ್ವಾಡಿನ ಸಾಹೇಬರು, ಅವರ ಹಿಂದೆ ಹೆಡ್‌ಮಿಸ್ಟ್ರೆಸ್ ಮಹಾನಂದಾ ಬಾಯಾರು. ಕೆಮ್ಮು ತಟ್ಟನೆ ನಿಂತು, ಹೊರಗೆ ಹಿಟ್ಟಿನ ಮನುಷ್ಯನೊಬ್ಬ ಕಂಪೌಂಡು ಹಾರಿದ ಸದ್ದಾಯಿತು.

"ಏಳ್ರಿ ಮ್ಯಾಲ!" ಎಂದರು ಸಾಹೇಬರು. ಕಿಸೆ ನೋಡಿದರು, ತೋಳು ನೋಡಿದರು, ಕಾಲಚೀಲ ತಿರುವಿ ನೋಡಿದರು. ಏನೂ ಇಲ್ಲ. ಟೊಪ್ಪಿಗೆಗೆ ಕೈ ಹಾಕಿದರು. ಹೊಲಿಗೆಯೊಳಗೆ ಏನೋ ಗಂಟು ಸಿಕ್ಕಿತು. ಸಾಹೇಬರ ಮುಖ ಅರಳಿತು. "ಹಾಂ!" ಎಂದು ಹೊಲಿಗೆ ಹರಿದು ಕಾಗದದ ಪೊಟ್ಟಣ ಹೊರಗೆಳೆದು ಜೋರಾಗಿ ಬಿಚ್ಚಿದರು. ದುರಗವ್ವ ಗಂಡನಿಗೆ ತಿಳಿಯದಂತೆ ಹೊಲಿದಿಟ್ಟಿದ್ದ ಎಲ್ಲಮ್ಮನ ಭಂಡಾರ ಭಗ್ಗನೆ ಎದ್ದು, ಸಾಹೇಬರ ಬಿಳಿ ಶರ್ಟು, ಮೀಸೆ, ಕನ್ನಡಕ ಎಲ್ಲ ಅರಿಷಿಣವಾಯಿತು. ಮಕ್ಕಳು ಪರೀಕ್ಷೆಯ ಭಯ ಮರೆತು ಕಿಸಕ್ಕನೆ ನಕ್ಕವು.

ಚೀಟಿ ಸಿಕ್ಕಿದ್ದರೆ ಸಾಹೇಬರು ಇಷ್ಟು ಸಿಟ್ಟಾಗುತ್ತಿರಲಿಲ್ಲ.

"ಯಾರ್ರೀ ಈ ಮುದುಕ?" ಎಂದು ಗುಡುಗಿದರು.

"ನಮ್ಮ ಸಾಲಿ ಸಿಪಾಯಿರಿ. ಅಗದಿ ಪ್ರಾಮಾಣಿಕ ಮನಷ್ಯಾರಿ," ಎಂದರು ಬಾಯಾರು.

"ಸಿಪಾಯಿ? ತನ್ನ ಸಾಲಿಯೊಳಗ ತಾನ ಪರೀಕ್ಷಾ ಬರಿಯೂದು? ಇವರು ಹಿಂದ ನಪಾಸಾಗಿದ್ದಕ್ಕ ದಾಖಲಿ ಏನೈತಿ? ಹಳೇ ರಿಕಾರ್ಡ್ ತರಸ್ರಿ, ಈಗಿಂದೀಗ!"

ಬಾಯಾರು ಈ ಸಾಲೆಗೆ ಬಂದು ಮೂರು ವರ್ಷ. ಹಳೆಯ ರಿಕಾರ್ಡು ಯಾವ ಕಪಾಟಿನಲ್ಲಿದೆಯೆಂದು ಇಡೀ ಊರಿನಲ್ಲಿ ಗೊತ್ತಿದ್ದವನು ಒಬ್ಬನೇ. ಹೀಗಾಗಿ ಹೊಳಬಸಪ್ಪನೇ ಪೆನ್ನು ಕೆಳಗಿಟ್ಟು, ಬಗ್ಗಿದ ಮೊಣಕಾಲು ನೆಟ್ಟಗೆ ಮಾಡಿಕೊಂಡು, ಆಫೀಸಿಗೆ ಹೋಗಿ, ಸ್ಟೂಲು ಹತ್ತಿ, ಆ ವರ್ಷದ ಗಂಟು ಇಳಿಸಿದ. ರೂಢಿಯಂತೆ ಅದರ ಧೂಳನ್ನೂ ಹೊಡೆದ. ಪ್ರತಿ ದಸರೆಗೆ ಆ ಗಂಟನ್ನು ಇಳಿಸಿ, ಧೂಳು ಹೊಡೆದು, ಕಪಾಟಿಗೆ ಕುಂಕುಮ ಹಚ್ಚಿ ಮತ್ತೆ ಏರಿಸಿಟ್ಟವನು ಅವನೇ. ಬಿಚ್ಚಿ ನೋಡುವುದು ಸಿಪಾಯಿಯ ಕೆಲಸವಲ್ಲವೆಂದು ಬಿಚ್ಚಿರಲಿಲ್ಲ.

ಬಾಯಾರು ಬಿಚ್ಚಿದರು. ವಿದ್ಯಾರ್ಥಿಗಳು ಬಂದು ಒಯ್ಯದೆ ಉಳಿದ ಅಂಕಪಟ್ಟಿಗಳು. ಮೂರನೆಯ ಹಾಳೆಯ ಹತ್ತಿರ ಅವರ ಕೈ ನಿಂತಿತು. ಮತ್ತೊಮ್ಮೆ ಓದಿದರು.

"ಹೊಳಬಸಪ್ಪ... ನೀವು ಪಾಸಾಗೀರಿ."

"ಇನ್ನೂ ಆರ ಲೆಕ್ಕ ಮಾಡೀನ್ರಿ ಬಾಯಾರ," ಎಂದ ಹೊಳಬಸಪ್ಪ ಸಂಕೋಚದಿಂದ.

"ಇವತ್ತಲ್ರಿ. ಆ ವರ್ಷದ ಅಕ್ಟೋಬರದಾಗ. ಗಣಿತದಾಗ ನಲವತ್ತೊಂದು. ಇಲ್ನೋಡ್ರಿ, ಪಾಸ್ ಅಂತ ಶಿಕ್ಕಾ ಐತಿ."

ಹೊಳಬಸಪ್ಪ ನೋಡಿದ. ತನ್ನದೇ ಹೆಸರು, ತನ್ನದೇ ಅಪ್ಪನ ಹೆಸರು. ಕಾಗದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬಾಯಾರು ಪಾಪ, ಒಳ್ಳೆಯ ಮಾತೆಂದೇ ತಿಳಿದು ಮುಂದುವರಿಸಿದರು.

"ಹತ್ತನೇತ್ತಾ ಪಾಸಾದ ಸಿಪಾಯಿಗಳನ್ನ ಎರಡು ಸಲ ಗುಮಾಸ್ತರನ್ನ ಮಾಡಿದ್ರಲ್ರಿ, ಎರಡೂ ಸಲ ನಿಮ್ಮ ಹೆಸರು ಬರತಿತ್ತು. ಇಷ್ಟೊತ್ತಿಗೆ ನೀವು ಸೂಪರಿಂಟೆಂಡೆಂಟ್ ಆಗಿ..."

"ಈಗ ಆಗತೈತೇನ್ರಿ?"

"ಮುಂದಿನ ಬಡ್ತಿ ಯಾದಿ ಜುಲೈಕ್ಕ ಐತ್ರಿ," ಎಂದು ಬಾಯಾರು ತಲೆ ತಗ್ಗಿಸಿದರು. ಹೊಳಬಸಪ್ಪನ ನೌಕರಿ ಮೇ ತಿಂಗಳಿಗೇ ಮುಗಿಯುತ್ತಿತ್ತು. ಆ ಎರಡೂ ಯಾದಿಯ ಟಪಾಲನ್ನು ಬಿಇಓ ಆಫೀಸಿನಿಂದ ಸಾಲೆಗೆ ಹೊತ್ತು ತಂದವನೂ ಅವನೇ.

ಸಾಹೇಬರು ಅರಿಷಿಣ ಒರೆಸಿಕೊಳ್ಳುತ್ತ ಕಾನೂನು ತೆಗೆದರು. "ಪಾಸಾದವರು ಮತ್ತ ಪರೀಕ್ಷಾ ಬರಿಯಂಗಿಲ್ಲ. 'ಈ ಮೊದಲು ಪಾಸಾಗಿಲ್ಲ' ಅಂತ ಅರ್ಜಿಯೊಳಗ ಸಹಿ ಮಾಡೀರಿ. ಇದು ಸುಳ್ಳು ಹೇಳಿಕಿ. ವಯಸ್ಸಿಗೆ ಮರ್ಯಾದಿ ಕೊಟ್ಟು ಕೇಸ್ ಹಾಕಂಗಿಲ್ಲ. ಪೇಪರ್ ರದ್ದು." ಅಂಕಪಟ್ಟಿಯನ್ನೂ ಸಾಕ್ಷಿಯೆಂದು ಲಕೋಟೆಗೆ ಹಾಕಿ ಅರಗು ಒತ್ತಿದರು. ವಿಚಾರಣೆ ಮುಗಿದ ಮೇಲೆ ಸಿಗುತ್ತದಂತೆ. ಯಾವಾಗ ಮುಗಿಯುತ್ತದೆ ಎಂದು ಕೇಳಿದ್ದಕ್ಕೆ ಅವರು ಮೇಲೆ ನೋಡಿದರು.

ಸಾಹೇಬರು ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆಯುವಾಗ ಹೊಳಬಸಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಸಾಹೇಬ್ರ, ಹೊಡೀರಿ, ಬ್ಯಾಡನ್ನಂಗಿಲ್ಲ. ಆದ್ರ ಆ ಆರನೇ ಲೆಕ್ಕ ಬರೊಬ್ಬರಿ ಐತೋ ಇಲ್ಲೋ, ಅಷ್ಟ ಹೇಳಿಬಿಡ್ರಿ."

ಸಾಹೇಬರು ಹಾಳೆಯನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು. ಮೊದಲ ಸಲ ಅವರ ಮುಖ ಮೆತ್ತಗಾಯಿತು.

"ನಂದು ಹಿಂದಿ ವಿಷಯ ಐತ್ರಿ," ಎಂದರು.

ಪರೀಕ್ಷೆ ಮುಗಿಯುವ ಮುಂಚೆಯೇ ಹೊಳಬಸಪ್ಪ ಗೇಟು ದಾಟಿ ಬಂದದ್ದು ನೋಡಿ ಹೊರಗೆ ಗದ್ದಲವೆದ್ದಿತು. "ಡಿಬಾರ್ ಆದ! ಹೊಳಬಸಪ್ಪ ಡಿಬಾರ್ ಆದ!" ಹಸನಬಿ ಎದೆ ಬಡಿದುಕೊಂಡಳು. ಶಂಕ್ರಪ್ಪ ಕುಂಟುತ್ತ ಓಡಿ ಬಂದ. ಕಂಪೌಂಡು ಅವನ ಕಾಲಿಗೆ ತನ್ನ ಗುರುತು ಬಿಟ್ಟಿತ್ತು.

"ಯಾವ ಚೀಟಿ ಸಿಕ್ತಲೇ? ಕಾಲಚೀಲದ್ದ?"

ಹೊಳಬಸಪ್ಪ ಅವನನ್ನೇ ದಿಟ್ಟಿಸಿ ನೋಡಿದ. ಒಳಗಿದ್ದಾಗಲೇ ಅವನ ತಲೆಯಲ್ಲಿ ಒಂದು ಪ್ರಶ್ನೆ ಎದ್ದಿತ್ತು.

"ಶಂಕ್ರ್ಯಾ, ನಾ ಆ ವರ್ಷ ಪಾಸಾಗೀನಂತ. ಗಣಿತದಾಗ ನಲವತ್ತೊಂದು. ಆವಾಗ ಸೈಕಲ್ ಮ್ಯಾಲ ಅಣ್ಣಿಗೇರಿಗೆ ಹೋಗಿ, ಪೇಪರಿನ್ಯಾಗ ರಿಸಲ್ಟ್ ನೋಡಿ ಬಂದಾಂವ ನೀನ. ನಪಾಸ್ ಅಂತ ಹೇಳಿದಾಂವನೂ ನೀನ. ನನ್ನ ನಂಬರ್ ನೋಡಿದ್ದೇನು?"

ಶಂಕ್ರಪ್ಪ ಮೋರೆಯ ಮೇಲಿನ ಹಿಟ್ಟು ಒರೆಸಿಕೊಂಡ.

"ನನ್ನ ನಂಬರ್ ನೋಡಿದೆ. ಇರಲಿಲ್ಲ."

"ನಂದು?"

"ನೀ ನನ್ನ ಪೇಪರ್ ನೋಡಿ ಬರದಾಂವ. ನಂದ ಇಲ್ಲಂದ ಮ್ಯಾಲ ನಿಂದೆಲ್ಲಿ ಇರತೈತಿ ಅಂತ... ಅಳು ಬಂತೋ, ಪೇಪರ್ ಮಡಚಿಟ್ಟು ಬಂದೆ."

"ನಾ ನಿಂದು ನೋಡಿರಲಿಲ್ಲಲೇ!"

"ಯಾಕ? ನಾ ತೋರಿಸಿದ್ನಲ್ಲೋ?"

"ತೋರಿಸಿದ್ದಿ. ನಾ ನೋಡಲಿಲ್ಲ."

"ಅದಕ್ಕ ನೀ ಪಾಸಾದಿ ಬಿಡು," ಎಂದ ಶಂಕ್ರಪ್ಪ, ಮತ್ತು ನಿಂತಲ್ಲೇ ಗೊಳೋ ಎಂದು ಅಳತೊಡಗಿದ. ಹೊಡೆಯಬೇಕೆಂದು ಎತ್ತಿದ ಕೈಯಿಂದಲೇ ಹೊಳಬಸಪ್ಪ ಅವನ ಬೆನ್ನು ಸವರಬೇಕಾಯಿತು. ನಲವತ್ತೆರಡು ವರ್ಷ ಕಳೆದುಕೊಂಡವನು ತಾನು, ಸಮಾಧಾನ ಬೇಕಾದದ್ದು ಅವನಿಗೆ. ಕಡೆಗೆ ಬೇವಿನ ಗಿಡದ ಬುಡಕ್ಕೆ ಹೋಗಿ ಕೂತ. ಒಳಗೆ ಮಕ್ಕಳು ಏಳನೆಯ ಲೆಕ್ಕ ಮಾಡುತ್ತಿರಬಹುದು ಎನ್ನಿಸಿ ಸಾಲೆಯ ಕಡೆ ನೋಡಿದ.

ಸುದ್ದಿ ಕೇಳಿ ದುರಗವ್ವ ರೊಟ್ಟಿಬುಟ್ಟಿ ಹೊತ್ತುಕೊಂಡೇ ಬಂದಳು. ಜನ ಅವಳಿಗೆ ನಾಲ್ಕು ಕಡೆಯಿಂದ ಕತೆ ಹೇಳಿದರು. ಅವಳು ಎಲ್ಲ ಕೇಳಿದಳು. ಬುಟ್ಟಿ ಇಳಿಸಿ, ಬಿಳಿ ಅರಿವೆ ಬಿಚ್ಚಿ, ರೊಟ್ಟಿಯ ಮೇಲೆ ಝುಣಕ ಇಟ್ಟು ಅವನ ಮುಂದೆ ಹಿಡಿದಳು. ಹಿಡಿದವಳು ಕೈ ಹಾಗೇ ನಿಲ್ಲಿಸಿ ಕೇಳಿದಳು.

"ಹಂಗಾರ ಆವಾಗ ಗೊತ್ತಾಗಿದ್ರ, ನೀವು ಗುಮಾಸ್ತರಾಗಿ ಖುರ್ಚಿ ಮ್ಯಾಲ ಕುಂದ್ರತಿದ್ರಿ."

"ಹೂಂ," ಎಂದ ಹೊಳಬಸಪ್ಪ.

"ಖುರ್ಚಿ ಮ್ಯಾಲ ಕುಂತಾಂವ ಒಂದಕ್ಷರ ಬರಲಾರದ ನನ್ನ ಮಾಡಿಕೊಂತಿದ್ರೇನು?"

ಮಾಡಿಕೊಳ್ಳುತ್ತಿದ್ದೆ ಎಂಬ ಉತ್ತರ ಅವನಿಗೆ ಗೊತ್ತಿತ್ತು. ಈ ಭೂಮಿಯ ಮೇಲೆ ಅವನಿಗೆ ಅನುಮಾನವೇ ಇಲ್ಲದ ಉತ್ತರ ಅದೊಂದೇ. ಆದರೆ ಆ ಗಳಿಗೆಯಲ್ಲಿ ಅವನ ಕಣ್ಣ ಮುಂದೆ ಖುರ್ಚಿ ಬಂತು, ತಲೆಯ ಮೇಲೆ ಫ್ಯಾನು ಬಂತು, ಧಾರವಾಡದಲ್ಲೊಂದು ಮನೆ ಬಂತು, ಪಡಸಾಲೆಯಲ್ಲಿ ಪೇಪರು ಓದುತ್ತ ಕೂತ ಯಾರೋ ಒಬ್ಬಳು ಬಂದಳು. ಅವಳು ಯಾರೆಂದು ಹೊಳಬಸಪ್ಪ ಕಣ್ಣು ಕಿರಿದು ಮಾಡಿ ನೋಡಿದ, ತಡವಾದದ್ದು ಅಷ್ಟೇ.

ದುರಗವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಅರಿವೆ ಕಟ್ಟಿ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಎದ್ದಳು.

"ರೊಟ್ಟಿ ಶಂಕ್ರಪ್ಪನ ಮನಿಯಾಗ ತಿನ್ರಿ," ಎಂದಳು. "ನಿಮ್ಮ ರಿಸಲ್ಟ್ ನೋಡಿ ಬಂದಾಂವ ಅಂವನ ಅಲ್ಲೇನು?"