ಮೀನಿಗೊಂದು ಮ್ಯಾಚಿಂಗ್ ಮಣಿ

ಇಪ್ಪತ್ತು ವರ್ಷಗಳಿಂದ ಬ್ಯಾಡಗಿಯಲ್ಲಿ ಹೆಂಗಸರ ಬ್ಲೌಸ್ ಹೊಲಿಯುತ್ತಿರುವ ನನಗೆ ಮಣಿಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಘನವಾದ ನಂಬಿಕೆ ಇತ್ತು. ಹಾಗಾಗಿ, ಪುಟ್ಟ ಗಾಳಕ್ಕೆ ಮಣಿ ಪೋಣಿಸಿ, ದಾರ ಸುತ್ತಿ, ಕೋಳಿಪುಕ್ಕ ಕಟ್ಟಿ, ಮೀನಿಗೆ ಹುಳವೆಂದು ನಂಬಿಸುವ ಕಲೆಯನ್ನು ಮೊಬೈಲಿನಲ್ಲಿ ನೋಡಿದಾಗ ನಕ್ಕೆ. ಇದೂ ಒಂದು ಕೆಲಸವೇ!

ಗಳಗನಾಥದಲ್ಲಿರುವ ಹೆಂಡತಿಯ ತಮ್ಮ ಬಸುವಿಗೆ ಫೋನ್ ಮಾಡಿ ಘೋಷಿಸಿದೆ: "ಐತವಾರ ಹೊಳಿಗೆ ಬರ್ತೇನಿ. ಹುಳಾ ಇಲ್ಲದನ ಮೀನ ಹಿಡೀತೇನಿ!"

"ಹಿಡದ್ರ ನಿಮ್ಮ ಅಂಗಡ್ಯಾಗ ಗುಂಡಿ ಹಚ್ಚಾಕ ಕುಂದರ್ತೇನ್ರಿ ಮಾಮಾ" ಎಂದ.

ಬ್ಲೌಸಿನ ಗಾಜಿನ ಮಣಿ ತೆಗೆದುಕೊಂಡೆ. ತೂತು ಸೂಜಿಗೆ ಸಾಕು, ಗಾಳದ ಬಾಗಿಗೆ ಸಾಲದು. ಒತ್ತಿದೆ. ಒಡೆಯಿತು. ಇನ್ನೊಂದನ್ನು ಒತ್ತಿದೆ. ಅದೂ!

ಸೋಲೊಪ್ಪದೆ ರಾಣೆಬೆನ್ನೂರಿನ ಬಳೆ ಅಂಗಡಿಗೆ ಹೋದೆ.

"ಮಣಿ ಯಾವ ಸೀರಿಗೆ ಬೇಕ್ರಿ?" ಅಂಗಡಿಯಾಕೆ ಕೇಳಿದಳು.

"ಸೀರಿಗಲ್ರಿ, ಮೀನಿಗೆ."

ಆಕೆ ನನ್ನನ್ನು ಒಂದು ಕ್ಷಣ ನೋಡಿ, "ಮೀನಿನ ಬಣ್ಣಾ ಯಾವುದ್ರಿ?" ಎಂದಳು. ವ್ಯಾಪಾರವೆಂದರೆ ಹೀಗಿರಬೇಕು!

ಆಕೆ ಕೊಟ್ಟ ಪ್ಲಾಸ್ಟಿಕ್ ಮುತ್ತು, ಪರೀಕ್ಷೆಗೆಂದು ನೀರಿನ ಬಕೆಟ್ಟಿನಲ್ಲಿ ಬಿಟ್ಟರೆ, ಗಾಳದ ಸಮೇತ ತೇಲಿತು. ಮತ್ತೆ ಹೋಗಿ ದಪ್ಪ ಹಿತ್ತಾಳೆ ಮಣಿ ತಂದೆ. ಮುಳುಗಿತು, ಆದರೆ ಗಾಳದ ಬಾಯನ್ನೇ ಮುಚ್ಚಿಬಿಟ್ಟಿತು. ಮೂರನೇ ಸಲ ಸಾಸಿವೆಗಿಂತ ತುಸು ದೊಡ್ಡ ಹಿತ್ತಾಳೆ ಮಣಿ ಆರಿಸಿದೆ. ಗಾಳದ ತುದಿಯ, ಸಿಕ್ಕಿದ್ದನ್ನು ಜಾರಲು ಬಿಡದ ಹಿಮ್ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿದ ಕೂಡಲೇ ಮಣಿ ಸರ್ರನೆ ಏರಿ ಕುಳಿತಿತು. ಕೆಂಪು ರೇಷ್ಮೆ ದಾರ, ಬಂಗಾರದಂಥ ಮಣಿ, ಪುಕ್ಕ. ಅಂಥ ಮೂರು ಕಟ್ಟಿ, ಹೊಲಿಗೆ ಯಂತ್ರದ ಪಕ್ಕ ತೂಗುಹಾಕಿ ಊಟಕ್ಕೆ ಹೋದೆ.

ಮರುದಿನ ನೋಡಿದರೆ ಒಂದೇ ಉಳಿದಿತ್ತು!

"ಗಿರಿಜಾ, ಇನ್ನೆರಡ ಎಲ್ಲಿ?"

"ಹಾವೇರಿ ಹುಡುಗಿ ನಿಶ್ಚಿತಾರ್ಥದ ಬ್ಲೌಸಿನ ಬೆನ್ನ ದಾರಕ್ಕ ಕಟ್ಟಿ ಕೊಟ್ಟು ಕಳಿಸೇನ್ರಿ. ಈ ಸಲ ಗೊಂಡೆ ಭಾಳ ಚಂದ ಮಾಡೀರಿ" ಎಂದಳು ಹೆಂಡತಿ. ಮದುವೆಯಾದ ಮೇಲೆ ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು.

ಅಷ್ಟರಲ್ಲಿ ಹಾವೇರಿಯಿಂದ ಹುಡುಗಿಯ ತಾಯಿಯ ಫೋನು: "ಮಾಸ್ತರ್ರ, ಲಗೂ ಬರ್ರಿ! ಹುಡುಗಿ ಬೆನ್ನಿಗೆ ಅಕಿ ಅತ್ತಿ ಸೆರಗು ಸಿಕ್ಕೊಂಡೈತಿ!"

ಬೈಕು ಹಾರಿಸಿಕೊಂಡು ಹೋದೆ. ತುಂಬಿದ ಸಭೆಯಲ್ಲಿ ಮದುಮಗಳು ನಿಂತಿದ್ದಳು. ಹಿಂದೆ ಭಾವಿ ಅತ್ತೆ, ಅರ್ಧ ಬಾಗಿ. ನನ್ನ ಕೈಯಲ್ಲಿದ್ದ ಕತ್ತರಿ ಕಂಡು ಅತ್ತೆ ಗುಡುಗಿದರು:

"ಹೊಸಾ ರೇಷ್ಮಿ ಸೀರಿ! ಕತ್ತರಿ ಹಚ್ಚಿದ್ರ ನೋಡ್ರಿ!"

"ನನ್ನ ಬ್ಲೌಸಿಗೂ ಹಚ್ಚಬ್ಯಾಡ್ರಿ" ಎಂದಳು ಹುಡುಗಿ.

ಕತ್ತರಿ ಜೇಬಿಗಿಟ್ಟು ಮೊಣಕಾಲೂರಿ ಕುಳಿತೆ. ಒಂದು ಎಳೆ ಹರಿದರೂ ನನ್ನ ಇಪ್ಪತ್ತು ವರ್ಷದ ಹೆಸರು ಹೋದಂತೆಯೇ. ಆದರೆ ಹಿಮ್ಮುಳ್ಳು ಮೊದಲೇ ಚಪ್ಪಟೆಯಾಗಿತ್ತಲ್ಲ! ಗಾಳ ನಯವಾಗಿ ಜಾರಿತು. ಒಂದೆಳೆಯೂ ಹರಿಯಲಿಲ್ಲ.

ಅತ್ತೆ ನನ್ನ ಅಂಗೈ ನೋಡಿದರು. "ಗೊಂಡೇದಾಗ ಗಾಳಾ ಯಾಕ್ರಿ?"

ಗಾಳವನ್ನು ಮುಷ್ಟಿಯಲ್ಲಿ ಬಚ್ಚಿಟ್ಟೆ. ಹುಡುಗಿಯೇ ನಗುತ್ತ, "ಅತ್ತಿ ಕೈ ತಪ್ಪಿ ಹೋಗಬಾರದಂತ ಇರಬೇಕ್ರಿ" ಎಂದಳು. ಇಡೀ ಸಭೆ ನಕ್ಕಿತು. ಕೊನೆಗೆ ಅತ್ತೆಯೂ!

ಭಾನುವಾರ ಛಲ ಬಿಡದೆ, ಉಳಿದ ಒಂದು ಗಾಳವನ್ನು ಕೋಲಿಗೆ ಕಟ್ಟಿಕೊಂಡು ಬಸುವಿನ ಜೊತೆ ಹೊಳೆಗೆ ಹೋದೆ. ಗಾಳ ಎಸೆದ ಸ್ವಲ್ಪ ಹೊತ್ತಿಗೇ ಮೀನು ಕಚ್ಚಿತು, ಖರೆ ಮೀನು! ಸಂತೋಷಕ್ಕೆ ಎರಡೂ ಕೈ ಎತ್ತಿ ಕೂಗಿದೆ. ಕೋಲು ನೀರಿಗೆ ಬಿತ್ತು. ಮೀನು, ಮಣಿ, ಕೋಲು, ಮೂರೂ ಹೊಳೆಯ ಪಾಲಾದವು.

ಬಸು ಕೋಲು ಹೋದತ್ತ ಕೈ ತೋರಿಸಿ ಹೇಳಿದ:

"ಮಣಿ ಆರಿಸಿದ್ದು ಭಾಳ ಛಲೋ ಆತ್ರಿ ಮಾಮಾ. ಹಿಡಿಯಾಂವನ್ನ ಆರಿಸೂದ್ರಾಗ ತಪ್ಪೀರಿ!"