ಕಟ್ಟುವ ಕಾಗದದಲ್ಲಿ ಬಂದ ಕಮ್ಮಾರರ ತಂಡ

ದಿನಸಿ ಅಂಗಡಿಯಲ್ಲಿ ಕೂತವನಿಗೆ ತಮಾಷೆ ಹುಡುಕಿಕೊಂಡು ಹೋಗುವ ಕೆಲಸ ಇಲ್ಲ. ಅದು ಚೀಲ ಹಿಡಿದುಕೊಂಡು ತಾನೇ ಬರುತ್ತದೆ. ಪುತ್ತೂರು ಪೇಟೆಯಲ್ಲಿ ನಾನು ಅಂಗಡಿ ನಡೆಸಿದಷ್ಟು ಕಾಲವೂ ಅದು ಬರುತ್ತಲೇ ಇತ್ತು. ಆದರೆ ಅಮೆರಿಕದ ಒಂದು ಚೆಂಡಾಟದ ತಂಡ ನನ್ನ ಅಂಗಡಿಗೆ ಬಂದು ವರ್ಷವಿಡೀ ಕೂತಿತ್ತು ಅಂದರೆ ಈಗಿನವರು ನಂಬುವುದಿಲ್ಲ. ಆ ಆಟ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

೧. ಯುದ್ಧ

ಚೀನಾ ಯುದ್ಧ ಮುಗಿದ ಮರುವರ್ಷ. ಸಾಮಾನು ಕಟ್ಟಿಕೊಡಲಿಕ್ಕೆ ನಾನು ಮಂಗಳೂರಿನಿಂದ ಹಳೇ ಪೇಪರು ತರಿಸುತ್ತಿದ್ದೆ. ಆ ಸಲ ಬಂದದ್ದು ಹಡಗಿನಲ್ಲಿ ಬಂದಿಳಿದ ಅಮೆರಿಕದ ಪೇಪರು. ಒಂದು ದಿನದ ಪೇಪರನ್ನು ಎತ್ತಲಿಕ್ಕೆ ಎರಡು ಕೈ ಬೇಕು. ಎಲ್ಲವೂ ಒಂದೇ ಊರಿನದು. ಆ ಊರಿನ ಹೆಸರು ಮಾತ್ರ ನನ್ನ ನಾಲಿಗೆಗೆ ಹೊರಳಲಿಲ್ಲ.

ಮೊದಲ ಕಟ್ಟು ಬಿಚ್ಚಿದಾಗ ಮೇಲೆಯೇ ಅರ್ಧ ಪುಟದ ಚಿತ್ರ. ಗಟ್ಟಿ ಟೊಪ್ಪಿ ಹಾಕಿದ ಹತ್ತು ಹನ್ನೆರಡು ಮಂದಿ ದಾಂಡಿಗರು ಒಬ್ಬನ ಮೇಲೆ ಬಿದ್ದಿದ್ದಾರೆ. ಅಡಿಯಲ್ಲಿದ್ದವನ ಒಂದು ಕೈ ಮಾತ್ರ ಹೊರಗೆ ಕಾಣುತ್ತದೆ. ಬೆಲ್ಲ ಕಟ್ಟಿಸಿಕೊಳ್ಳಲಿಕ್ಕೆ ನಿಂತಿದ್ದ ಜಾಲ್ಸೂರಿನ ಗಿರಾಕಿಯೊಬ್ಬರು ಅದನ್ನು ನೋಡಿ, ಇದು ಯಾವ ದೇಶದ್ದು ಅಂತ ಕೇಳಿದರು. ಅಮೆರಿಕದ್ದು ಅಂದೆ. ಅಲ್ಲಿಯೂ ಸುರುವಾಯಿತಾ ಅಂತ ಹೇಳಿ, ಅರ್ಧ ಸೇರಿನ ಬೆಲ್ಲಕ್ಕೆ ಬಂದವರು ಎರಡು ತಿಂಗಳ ಸಕ್ಕರೆ ಮತ್ತು ಒಂದು ಡಬ್ಬಿ ಚಿಮಿಣಿ ಎಣ್ಣೆ ತೆಗೆದುಕೊಂಡು ಹೋದರು. ಬಸ್ಸು ಹತ್ತುವ ಮೊದಲು ಯಾರ್ಯಾರ ಹತ್ತಿರ ಹೇಳಿದರೋ, ಮಧ್ಯಾಹ್ನದೊಳಗೆ ನನ್ನ ಸಕ್ಕರೆಯ ಗೋಣಿ ಖಾಲಿ. ಜನರ ಅವಸರ ನೋಡಿ ನನಗೂ ಹೆದರಿಕೆಯಾಗಿ ಬೈಹುಲ್ಲಿನಲ್ಲಿ ಕಟ್ಟಿದ ಒಂದು ಮೂಡೆ ಅಕ್ಕಿ ಮನೆಗೆ ಕಳುಹಿಸಿದೆ.

ಸಂಜೆ ಹೈಸ್ಕೂಲಿನ ಡ್ರಿಲ್ ಮಾಸ್ಟ್ರು ಬಂದರು. ಮೂವತ್ತೈದು ದಾಟಿದ ಬ್ರಹ್ಮಚಾರಿ. ಎರಡು ಪುಟ ಓದಿ, ಇದು ಯುದ್ಧ ಅಲ್ಲ, ಸಂಬಳಕ್ಕೆ ಆಡುವವರ ಫುಟ್ಬಾಲ್ ಅಂತ ತೀರ್ಪು ಕೊಟ್ಟರು.

“ಫುಟ್ಬಾಲ್ ಆದರೆ ಚೆಂಡು ಕೈಯಲ್ಲಿ ಯಾಕೆ ಮಾಸ್ಟ್ರೆ?” ಅಂತ ಕೇಳಿದೆ.

ಮಾಸ್ಟ್ರು ಚಿತ್ರವನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. “ಕಾಲು ಓಡಲಿಕ್ಕೆ ಬೇಕಲ್ಲ ಮಾರಾಯ್ರೆ.”

೨. ನಮ್ಮವರು

ತಂಡದ ಹೆಸರು ಇಂಗ್ಲಿಷಿನದು, ಅರ್ಥ ಕಮ್ಮಾರರು ಅಂತ. ಮಾಸ್ಟ್ರು ಆ ಅರ್ಥವನ್ನು ಗಟ್ಟಿಯಾಗಿ ಹೇಳಿದ್ದು ರಸ್ತೆಯ ಆಚೆ ಬದಿಯ ಕುಲುಮೆಯಲ್ಲಿದ್ದ ಆಚಾರಿಗೆ ಕೇಳಿತು. ಸುತ್ತಿಗೆ ಇಟ್ಟು ಬಂದರು. ಅವತ್ತಿನಿಂದ ಆ ತಂಡ ಅವರಿಗೆ ‘ನಮ್ಮವರು’.

ದಿನಾ ಸಂಜೆ ಅಂಗಡಿಯಲ್ಲಿ ಓದು. ಮಾಸ್ಟ್ರು ಓದಿ ಹೇಳುದು, ಆಚಾರಿ ಅಕ್ಕಿಮೂಡೆಯ ಮೇಲೆ ಕೂತು ಕೇಳುದು. ನಾವು ಓದಿದ ಮೊದಲ ಆಟದಲ್ಲಿ ಕಮ್ಮಾರರು ಸೋತಾಗ ಆಚಾರಿ ಅರ್ಧದಲ್ಲೇ ಎದ್ದುಹೋದರು. ಗೆದ್ದ ದಿನ ನನ್ನ ತಕ್ಕಡಿಯ ಕೊಕ್ಕೆಯನ್ನು ತಾವಾಗಿ ಸರಿಮಾಡಿಕೊಟ್ಟರು. ಒಂದು ದಿನ ಮಾಸ್ಟ್ರು ಪಟ್ಟಿ ಓದಿದರು: ತಂಡದಲ್ಲಿ ಒಟ್ಟು ಮೂವತ್ತಾರು ಮಂದಿ, ಎಲ್ಲರಿಗೂ ವರ್ಷದ ಸಂಬಳ. ಆಚಾರಿಯ ಮುಖ ಸಣ್ಣದಾಯಿತು. ಎಂತ ಆಯಿತು ಅಂತ ವಿಚಾರಿಸಿದೆ.

“ಅಲ್ಲ, ಮೂವತ್ತಾರು ಮಂದಿಯೂ ಆಡಲಿಕ್ಕೆ ಹೋದರೆ,” ಅಂದರು, “ಆ ಊರಲ್ಲಿ ಕತ್ತಿ ಹರಿತ ಮಾಡುದು ಯಾರು?”

೩. ಮುರಿದ ಕಾಲು

ಕಮ್ಮಾರರಲ್ಲಿ ಒಬ್ಬ ದೊಡ್ಡ ಓಟಗಾರನಿದ್ದ. ಒಂದು ಸಂಜೆ ಅವನ ಕಾಲು ಮುರಿದ ಸುದ್ದಿ ಬಂತು. ಈ ವರ್ಷ ಇನ್ನು ಆಡುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರು. ಆಚಾರಿ ರಾತ್ರಿ ಊಟ ಮಾಡಲಿಲ್ಲವಂತೆ. ಅವರ ಹೆಂಡತಿ ಮರುದಿನ ಬಂದು ಅಮೆರಿಕದಲ್ಲಿ ನಮಗೆ ಯಾರಾದರೂ ಸಂಬಂಧದವರು ಇದ್ದಾರಾ ಅಂತ ನನ್ನಲ್ಲೇ ಕೇಳಿದರು.

ಮೂರು ದಿನ ಬಿಟ್ಟು ಇನ್ನೊಂದು ಕಟ್ಟು ಬಿಚ್ಚಿದರೆ ಅದೇ ಮನುಷ್ಯ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿದ್ದಾನೆ. ಅದರ ಮರುದಿನದ ಓದಿನಲ್ಲಿ ಮತ್ತೆ ಊರುಗೋಲು ಹಿಡಿದಿದ್ದಾನೆ. ತಂಡಕ್ಕೆ ಆಟ ಕಲಿಸುವ ಗುರುವನ್ನು ಕೆಲಸದಿಂದ ತೆಗೆದರು ಅಂತ ಸೋಮವಾರ ಓದಿದೆವು. ಗುರುವಾರ ಅದೇ ಗುರುವನ್ನು ಹೊಸದಾಗಿ ನೇಮಿಸಿ, ಕೈಕುಲುಕಿ, ಚಿತ್ರ ತೆಗೆಸಿದ್ದರು. ಒಳ್ಳೆ ಮನಸ್ಸಿನ ಜನ, ಸಿಟ್ಟು ಇಟ್ಟುಕೊಳ್ಳುವುದಿಲ್ಲ ಅಂತ ಆಚಾರಿ ಹೊಗಳಿದರು. ಕಾಲಿನ ವಿಷಯದಲ್ಲಿ ಮಾತ್ರ ಅವರಿಗೆ ಸಮಾಧಾನ ಆಗಲಿಲ್ಲ. ಮೂರು ದಿನಕ್ಕೆ ಮೂಳೆ ಕೂಡಿಸುವ ಎಣ್ಣೆ ಯಾವುದು ಅಂತ ಪೇಪರಿನಲ್ಲಿ ಹುಡುಕಿಸಿದರು.

ಕೊನೆಗೆ ಪುಟದ ತಲೆಯಲ್ಲಿ ತಾರೀಕು ಇರುತ್ತದೆ ಅಂತ ನೋಡಿದವನು ನಾನು. ಕಟ್ಟಿನಲ್ಲಿ ಮೇಲಿದ್ದದ್ದು ದಶಂಬರದ್ದು, ಅಡಿಯದ್ದು ಸಪ್ಟೆಂಬರದ್ದು, ನಡುವಿನದೆಲ್ಲ ಕಲಸುಮೇಲೋಗರ. ನಾವು ಎರಡು ತಿಂಗಳಿಂದ ಆ ವರ್ಷವನ್ನು ಹಿಂದುಮುಂದಾಗಿ ಓದುತ್ತಿದ್ದೆವು. ಇದನ್ನು ಹೇಳಿದಾಗ ಮಾಸ್ಟ್ರು ಪೆಚ್ಚಾದರು. ಆಚಾರಿ ಬೆರಳು ಮಡಚಿ ಏನೋ ಎಣಿಸಿ, ಬಹಳ ಸಂತೋಷದಿಂದ ಹೇಳಿದರು: “ಹಾಗಾದರೆ ಅವನ ಕಾಲು ಇನ್ನೂ ಮುರಿಯಲಿಲ್ಲ.”

೪. ನಾಲ್ಕು ಸಲ ಬೀಳುವುದು

ಮಾಸ್ಟ್ರಿಗೆ ಆ ಆಟವನ್ನು ಶಾಲೆಯಲ್ಲಿ ಆಡಿಸುವ ಮನಸ್ಸಾಯಿತು. ನಿಯಮ ಪೇಪರಿನಲ್ಲಿ ಎಲ್ಲಿಯೂ ಇರಲಿಲ್ಲ, ಗೊತ್ತಿರುವವರಿಗೆ ಬರೆದದ್ದಲ್ಲವಾ. ಮಾಸ್ಟ್ರು ಚಿತ್ರ ನೋಡಿ, ವರದಿ ಓದಿ ಊಹಿಸಿಕೊಂಡರು. ವರದಿಯಲ್ಲಿ ಮೊದಲ ‘ಡೌನ್’, ಎರಡನೇ ‘ಡೌನ್’ ಅಂತ ನಾಲ್ಕರವರೆಗೆ ಇತ್ತು. ಹಾಗಾಗಿ ಚೆಂಡು ಸಿಕ್ಕಿದ ತಂಡದವರು ನಾಲ್ಕು ಸಲ ಕೆಳಗೆ ಬೀಳಲೇಬೇಕು ಅಂತ ನಿಯಮ ಆಯಿತು. ಯಾರೂ ಬೀಳಿಸದಿದ್ದರೆ ತಾವೇ ಬೀಳಬೇಕು. ಚೆಂಡಿಗೆ ಬದಲಾಗಿ ಗೋಣಿಯಲ್ಲಿ ತೆಂಗಿನ ನಾರು ತುಂಬಿ, ಎರಡು ತುದಿ ಚೂಪಾಗುವ ಹಾಗೆ ನಾನೇ ಹೊಲಿದುಕೊಟ್ಟೆ. ತಲೆಗೆ ಅಡಿಕೆ ಹಾಳೆಯ ಟೊಪ್ಪಿ.

ಹತ್ತನೇ ತರಗತಿಯವರು ಮೈದಾನಕ್ಕಿಳಿದು ಐದು ನಿಮಿಷ ಆಗಿರಲಿಲ್ಲ, ಹೆಡ್ ಮಾಸ್ಟ್ರು ಕಿಟಕಿಯಿಂದ ನೋಡಿದರು. ಇಪ್ಪತ್ತು ಹುಡುಗರು ಒಬ್ಬನ ಮೇಲೆ ಬಿದ್ದಿದ್ದಾರೆ. ದೂರದಲ್ಲಿ ಇನ್ನಿಬ್ಬರು ಕಾರಣವಿಲ್ಲದೆ ತಾವಾಗಿ ಬೀಳುತ್ತಿದ್ದಾರೆ. ಅವರು ಗಂಟೆ ಹೊಡೆಸಿ, ಬೆತ್ತ ಹಿಡಿದು ಓಡಿಬಂದು, ಈ ಹೊಡೆದಾಟ ಸುರು ಮಾಡಿದವನು ಯಾರು ಅಂತ ಗದರಿಸಿದರು. ಆ ಹುಡುಗರು ಯಾವತ್ತೂ ಒಂದು ಪ್ರಶ್ನೆಗೆ ಒಂದೇ ಉತ್ತರ ಕೊಟ್ಟವರಲ್ಲ. ಅವತ್ತು ಎಲ್ಲರೂ ಒಟ್ಟಿಗೇ ಡ್ರಿಲ್ ಮಾಸ್ಟ್ರ ಕಡೆಗೆ ಕೈ ತೋರಿಸಿದರು.

೫. ಗುತ್ತಿಗಾರಿನ ಕಾಗದ

ವರ್ಷದ ಕೊನೆಯ ಆಟ ಉಳಿದಿತ್ತು. ಗೆದ್ದರೆ ಕಮ್ಮಾರರು ಎಲ್ಲರಿಗಿಂತ ಮೇಲೆ, ಸೋತರೆ ಏನೂ ಇಲ್ಲ. ಗೆಲ್ಲುತ್ತಾರೆ ಅಂತ ಆಚಾರಿ, ಓಟಗಾರನಿಲ್ಲದೆ ಹೇಗೆ ಗೆಲ್ಲುದು ಅಂತ ಮಾಸ್ಟ್ರು. ಇಬ್ಬರಿಗೂ ಮಾತು ಬಿಟ್ಟುಹೋಗುವಷ್ಟು ಆಯಿತು. ನಾನು ಎಲ್ಲ ಕಟ್ಟು ಜಾಲಾಡಿದೆ. ಮರುದಿನದ ಪೇಪರು ಉಂಟು, ಆಟದ ಪುಟ ಮಾತ್ರ ಇಲ್ಲ. ಆಮೇಲೆ ನೆನಪಾಯಿತು: ಆಸ್ಪತ್ರೆಗೆ ಬಂದಿದ್ದ ಗುತ್ತಿಗಾರಿನ ಒಬ್ಬರು ಅಮ್ಮನಿಗೆ ಅದರಲ್ಲೇ ಒಣಮೆಣಸು ಕಟ್ಟಿಕೊಟ್ಟಿದ್ದೆ.

ಭಾನುವಾರ ಮಾಸ್ಟ್ರೂ ಆಚಾರಿಯೂ ಗುತ್ತಿಗಾರಿನ ಬಸ್ಸು ಹತ್ತಿದರು. ಮಾಸ್ಟ್ರು ಇಸ್ತ್ರಿ ಹಾಕಿದ ಅಂಗಿ ಹಾಕಿದ್ದರು. ಮುಂದಿನದ್ದು ಆಚಾರಿ ನನಗೆ ಹೇಳಿದ್ದು.

ಮನೆ ಸಿಕ್ಕಿತು. ಯಜಮಾನರು ಅಂಗಳಕ್ಕೇ ಬಂದು, ಪುತ್ತೂರಿನಿಂದಲಾ, ಶಾಲೆಯಲ್ಲಿ ಕೆಲಸವಾ ಅಂತ ಕೇಳಿ, ಕೈಕಾಲಿಗೆ ನೀರು ಕೊಟ್ಟು ಕೂರಿಸಿದರು. ಮಾಸ್ಟ್ರು ಸಂಕೋಚದಿಂದ ವಿಷಯ ತೆಗೆದರು.

“ನಿಮ್ಮಲ್ಲಿ ಒಂದು ಕಾಗದ ಉಂಟಂತೆ. ಅದನ್ನೊಮ್ಮೆ ನೋಡಿಹೋಗುವ ಅಂತ ಬಂದದ್ದು.”

“ಉಂಟು, ಉಂಟು. ಮೊದಲು ಕಾಫಿ ಆಗಲಿ. ಕಾಗದ ಎಲ್ಲಿಗೂ ಹೋಗುವುದಿಲ್ಲ.”

ಕಾಫಿ ಬಂತು, ಸಜ್ಜಿಗೆ ಬಂತು. ಯಜಮಾನರು ಗೋತ್ರ ಕೇಳಿದರು, ತೋಟ ಎಷ್ಟು ಅಂತ ಕೇಳಿದರು, ತಂದೆತಾಯಿಯ ಆರೋಗ್ಯ ಕೇಳಿದರು. ಗಟ್ಟದ ಬುಡದವರು ಉಪಚಾರದಲ್ಲಿ ಗಟ್ಟಿಗರು ಅಂದುಕೊಂಡು ಮಾಸ್ಟ್ರು ಎಲ್ಲದಕ್ಕೂ ಉತ್ತರಿಸಿದರು. ಸೀರೆ ಉಟ್ಟ ಒಬ್ಬಳು ಹುಡುಗಿ ಬಾಳೆಹಣ್ಣು ತಂದಿಟ್ಟು ಹೋದಳು. ಕೊನೆಗೆ ಯಜಮಾನರು ಒಳಗೆ ಹೋಗಿ ಅರಸಿನ ಹಚ್ಚಿದ ಒಂದು ಕಾಗದ ತಂದು ಕೊಟ್ಟರು. ಮಾಸ್ಟ್ರು ಬಿಡಿಸಿ, ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ ನೋಡಿದರು. ಆಚಾರಿಗೆ ತಡೆಯಲಾಗಲಿಲ್ಲ. ಮೆಲ್ಲಗೆ ಕೇಳಿದರು:

“ನಮ್ಮವರು ಗೆದ್ದರಾ?”

“ಗುರು ಏಳನೇ ಮನೆಯಲ್ಲಿದ್ದಾನೆ,” ಅಂದರು ಮಾಸ್ಟ್ರು.

ಅವತ್ತು ಆ ಮನೆಗೆ ಪುತ್ತೂರಿನಿಂದ ಒಬ್ಬ ಮಾಸ್ಟ್ರು ಹುಡುಗಿ ನೋಡಲಿಕ್ಕೆ ಬರುವುದಿತ್ತು. ಆ ನಿಜವಾದ ವರ, ದಾರಿಯಲ್ಲಿ ಆನೆ ಉಂಟು ಅಂತ ಕೇಳಿ ಸುಳ್ಯದಿಂದಲೇ ಹಿಂದೆ ಹೋಗಿದ್ದನಂತೆ. ವಿಷಯ ತಿಳಿದಾಗ ಎಲ್ಲರೂ ತಲೆ ತಗ್ಗಿಸಿದರು. ಒಳಗಿನಿಂದ ಹುಡುಗಿ ನಕ್ಕದ್ದು ಮಾತ್ರ ಕೇಳಿತು. ಮೆಣಸಿನ ಕಾಗದ ಬಚ್ಚಲ ಒಲೆಗೆ ಹೋಗಿ ವಾರವಾಗಿತ್ತು. ಮಾಸ್ಟ್ರು ಬರಿಗೈಯಲ್ಲಿ ಬರಲಿಲ್ಲ, ಜಾತಕದ ನಕಲು ಬರೆದುಕೊಂಡು ಬಂದರು. ಮುಂದಿನ ಮೇ ತಿಂಗಳಲ್ಲಿ ಆ ಹುಡುಗಿಯ ಜೊತೆ ಅವರ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಆಚಾರಿ ನನ್ನ ಪಕ್ಕ ಕೂತಿದ್ದರು. ಮೂರನೇ ಸಲ ಪಾಯಸ ಹಾಕಿಸಿಕೊಂಡು, ಇಷ್ಟೆಲ್ಲ ಆಗಿಯೂ ಆಟ ಎಂತಾಯಿತು ಅಂತ ಗೊತ್ತಾಗಲಿಲ್ಲವಲ್ಲ ಅಂತ ಬೇಸರ ಮಾಡಿಕೊಂಡರು.

೬. ಅಮೆರಿಕದ ಕೋಳಿಯವನು

ಎರಡು ವರ್ಷ ಕಳೆದು, ಕೋಳಿ ಸಾಕಣೆ ಕಲಿಸಲಿಕ್ಕೆ ಅಮೆರಿಕದ ಒಬ್ಬ ತರುಣ ಈ ಕಡೆಗೆ ಬಂದ. ಎತ್ತರದ, ನಾಚಿಕೆ ಸ್ವಭಾವದ ಹುಡುಗ. ಕನ್ನಡ ಕಲಿತಿದ್ದ, ಪುಸ್ತಕದ ಕನ್ನಡ. ಕೋಳಿಗೆ ಹಾಕಲಿಕ್ಕೆ ನುಚ್ಚು ಕೇಳಿಕೊಂಡು ಅವನು ನನ್ನ ಅಂಗಡಿಗೆ ಬಂದಾಗ ನಾನು ಕೆಲಸದವನನ್ನು ಓಡಿಸಿ ಮಾಸ್ಟ್ರನ್ನೂ ಆಚಾರಿಯನ್ನೂ ಕರೆಸಿದೆ. ಆ ಕೊನೆಯ ಆಟದ ಫಲಿತಾಂಶ ಹೇಳಬಲ್ಲವನು ನಮ್ಮ ಸುತ್ತಮುತ್ತಲಿನ ಮೂರು ತಾಲೂಕಿನಲ್ಲಿ ಇವನೊಬ್ಬನೇ.

ಆಚಾರಿ ಕೂಡಲೇ ಕೇಳಿಬಿಡುವ ಅಂದರು. ಮಾಸ್ಟ್ರು ಒಪ್ಪಲಿಲ್ಲ. ಕೋಳಿಯ ಮನುಷ್ಯ, ಆಟದ ಗಂಧ ಇರಲಿಕ್ಕಿಲ್ಲ, ಮೊದಲು ಆಟ ಎಂತದ್ದು ಅಂತ ತಿಳಿಸಬೇಕು ಅಂದರು. ಅವನನ್ನು ಅಕ್ಕಿಮೂಡೆಯ ಮೇಲೆ ಕೂರಿಸಿ ವಿವರಿಸಲಿಕ್ಕೆ ಸುರುಮಾಡಿದರು. ಎರಡೂ ಕಡೆಯವರು ಮೊದಲು ತಲೆಗೆ ತಲೆ ಕೊಟ್ಟು ವೃತ್ತವಾಗಿ ಬಗ್ಗಿ ದೇವರನ್ನು ಪ್ರಾರ್ಥಿಸಬೇಕು. ಒಬ್ಬ ಬಗ್ಗಿ ಕಾಲಿನ ಸಂದಿಯಿಂದ ಚೆಂಡನ್ನು ಹಿಂದಿನವನಿಗೆ ಕೊಡಬೇಕು, ಯಾರಿಗೆ ಕೊಟ್ಟೆ ಅಂತ ತಿರುಗಿ ನೋಡಬಾರದು. ಚೆಂಡು ಹಿಡಿದವನು ಬಿದ್ದರೆ ಉಳಿದವರೆಲ್ಲ ಮರ್ಯಾದೆಗಾಗಿ ಅವನ ಮೇಲೆ ಬೀಳಬೇಕು. ಆಚಾರಿ ಅಂಗಡಿಯ ನೆಲದಲ್ಲಿ ಒಂದೆರಡು ಸಲ ಬಿದ್ದು ತೋರಿಸಿದರು. ನಾನು ಚೆಂಡಿಗೆ ಬದಲಾಗಿ ಒಂದು ಸೌತೆಕಾಯಿ ಕೊಟ್ಟೆ. ಮುಕ್ಕಾಲು ಗಂಟೆ ಆಯಿತು. ಆ ಹುಡುಗ ಕಣ್ಣು ಮಿಟುಕಿಸದೆ, ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತ ಕೇಳಿದ.

ಮಾಸ್ಟ್ರು ಬೆವರು ಒರೆಸಿಕೊಂಡು, ಈಗ ಅರ್ಥ ಆಯಿತಾ ಅಂತ ಕೇಳಿದರು.

ಅವನು ಎದ್ದು ಕೈಮುಗಿದ. “ನಿಮ್ಮ ಆಟ ಬಹಳ ಸುಂದರವಾಗಿದೆ,” ಅಂದ. “ನಮ್ಮ ದೇಶದಲ್ಲಿಯೂ ಇದನ್ನು ಸ್ವಲ್ಪ ಹೋಲುವ ಒಂದು ಆಟ ಇದೆ.”